ಡಿಜಿಟಲ್ ಚಿತ್ರಗಳಿಗೆಲ್ಲ ಹೆಸರು, ಕಾಪಿರೈಟ್ ಹಾಕಿ ಮುಗಿಸಿದೆ: ದಾರಿಯಲ್ಲಿ ಎದುರಾದದ್ದೆಲ್ಲ ಇಲ್ಲಿದೆ

ಇಷ್ಟು ವರ್ಷ ಬಿಡಿಸಿದ ಡಿಜಿಟಲ್ ಚಿತ್ರಗಳಿಗೆಲ್ಲ ಹೆಸರು, ವರ್ಷ, ಹಕ್ಕಿನ ವಿವರ ಹಾಕುವ ಕೆಲಸ ಈ ವಾರ ಮುಗಿಯಿತು. ರಜೆಯಲ್ಲಿ ಶುರು ಮಾಡಿದ್ದು ತಿಂಗಳುಗಟ್ಟಲೆ ಎಳೆಯಿತು. ದುಡ್ಡೇನೂ ಖರ್ಚಾಗಲಿಲ್ಲ, ಬೇಕಾದ ತಂತ್ರಾಂಶಗಳೆಲ್ಲ ಉಚಿತವಾಗಿಯೇ ಸಿಗುತ್ತವೆ. ಖರ್ಚಾದದ್ದು ಸಮಯ ಮತ್ತು ತಾಳ್ಮೆ. ಇದೇ ಕೆಲಸಕ್ಕೆ ಕೂರುವವರು ನಾನು ನಿಂತು ನಿಂತು ಯೋಚಿಸಿದ ಕಡೆಯಲ್ಲೆಲ್ಲ ಮತ್ತೆ ನಿಲ್ಲದಿರಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಈ ಕೆಲಸಕ್ಕೆ ಕೈಹಾಕಿಸಿದ್ದು ಕಳ್ಳತನವಲ್ಲ. ಮಕ್ಕಳ ಪುಸ್ತಕ ಮಾಡುವವರೊಬ್ಬರಿಗೆ ನನ್ನ ಒಂದು ಚಿತ್ರ ಹಿಡಿಸಿತ್ತಂತೆ. ಅದು ಯಾರದ್ದೆಂದು ಹುಡುಕಿದ್ದಾರೆ, ಕಂಡಕಂಡವರನ್ನು ಕೇಳಿದ್ದಾರೆ. ಕೈಯಿಂದ ಕೈಗೆ ದಾಟಿ ಬಂದ ಆ ಫೈಲಿನಲ್ಲಿ ಹೆಸರಿನ ಸುಳಿವೇ ಉಳಿದಿರಲಿಲ್ಲ. ಒಪ್ಪಿಗೆ ಇಲ್ಲದೆ ಬಳಸಲು ಮನಸ್ಸಾಗದೆ ಬೇರೆ ಚಿತ್ರ ಹಾಕಿಕೊಂಡರು. ಪುಸ್ತಕ ಅಚ್ಚಾದ ಮೇಲೆ ಪರಿಚಿತರೊಬ್ಬರ ಬಾಯಲ್ಲಿ ನನಗೆ ಸುದ್ದಿ ತಿಳಿಯಿತು. ಅವರ ಪ್ರಾಮಾಣಿಕತೆಗೆ ಗೌರವ ಹುಟ್ಟಿತು, ಜೊತೆಗೆ ಹೊಟ್ಟೆಯೂ ಉರಿಯಿತು. ಕದಿಯುವವರನ್ನು ತಡೆಯುವುದು ನಮ್ಮ ಕೈಮೀರಿದ ಮಾತು. ಕೇಳಿ ಬಳಸುವವರು ನಮ್ಮ ಬಾಗಿಲಿಗೆ ಬರುವಂತೆ ಮಾಡುವುದು ಮಾತ್ರ ಪೂರಾ ನಮ್ಮ ಕೈಯಲ್ಲಿದೆ. ಅಲ್ಲಿಂದ ಮುಂದೆ ನಾನು ಮಾಡಿದ ತೀರ್ಮಾನಗಳಿಗೆಲ್ಲ ಇದೇ ಒರೆಗಲ್ಲು: ನನ್ನನ್ನು ಕಂಡೇ ಇರದ ಒಬ್ಬ ಸಜ್ಜನರ ಕೈಗೆ ಈ ಫೈಲ್ ಒಂದೇ ಸಿಕ್ಕರೆ ಅವರಿಗೆ ಏನೇನು ತಿಳಿಯಬೇಕು?

ಮೊದಲು ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ, ಯಾಕೆಂದರೆ ಕೆಲಸ ಶುರುವಾಗುವ ಮುಂಚೆಯೇ ಇಲ್ಲಿ ಬಹಳ ಜನ ಹೆದರಿ ಹಿಂದೆ ಸರಿಯುತ್ತಾರೆ. ಕೃತಿಸ್ವಾಮ್ಯ, ಅಂದರೆ ಕಾಪಿರೈಟ್ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪರಂಪರೆಯಲ್ಲಿ, ಅದಕ್ಕೆ ಸೇರಿದ ದೇಶಗಳಲ್ಲಿ, ಚಿತ್ರ ಬಿಡಿಸಿದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, © ಚಿಹ್ನೆಯೂ ಕಡ್ಡಾಯವಲ್ಲ. ತನ್ನ ಕೃತಿಗೆ ತನ್ನ ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕು ಅದೇ ಒಪ್ಪಂದಕ್ಕೆ 1928ರಲ್ಲಿ ರೋಮ್‌ನಲ್ಲಿ ನಡೆದ ಪರಿಷ್ಕರಣೆಯಲ್ಲಿ ಸೇರಿತು. ಹಾಗಾದರೆ © ಎಲ್ಲಿಂದ ಬಂತು? ಆ ಚಿಹ್ನೆ, ಹಕ್ಕುದಾರರ ಹೆಸರು, ಮೊದಲು ಪ್ರಕಟವಾದ ವರ್ಷ, ಈ ಮೂರನ್ನೂ ಒಟ್ಟಿಗೆ ಬರೆಯುವ ಪದ್ಧತಿ 1952ರ ಜಿನೀವಾದ ಸಾರ್ವತ್ರಿಕ ಕೃತಿಸ್ವಾಮ್ಯ ಒಪ್ಪಂದದ್ದು. ಅಮೆರಿಕ ಬರ್ನ್ ಒಪ್ಪಂದದ ಒಳಗೆ ಬಂದದ್ದೇ 1989ರ ಮಾರ್ಚ್ 1ಕ್ಕೆ. ಅಲ್ಲಿಯವರೆಗೂ ಆ ದೇಶದಲ್ಲಿ ಚಿಹ್ನೆ ಹಾಕದೆ ಪ್ರಕಟಿಸಿದರೆ ಹಕ್ಕೇ ಕೈತಪ್ಪುವ ಅಪಾಯವಿತ್ತು. 'ಚಿಹ್ನೆ ಇಲ್ಲದಿದ್ದರೆ ಯಾರು ಬೇಕಾದರೂ ಬಳಸಬಹುದು' ಅನ್ನುವ ನಂಬಿಕೆ ಇವತ್ತಿಗೂ ಗಟ್ಟಿಯಾಗಿ ಉಳಿದಿರುವುದಕ್ಕೆ ಅದೂ ಒಂದು ಕಾರಣ. 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂಬ ಸಾಲು ಇನ್ನೂ ಹಳೆಯದು, 1910ರ ಬ್ಯೂನಸ್ ಐರಿಸ್ ಒಪ್ಪಂದದ ಕಾಲದ್ದು. ಈಗ ಅದನ್ನು ಬರೆಯಲೇಬೇಕು ಅಂತಿಲ್ಲ. ನಾನು ಬಿಟ್ಟುಬಿಟ್ಟೆ. ಆ ಜಾಗದಲ್ಲಿ 'ಬಳಸಲು ಅನುಮತಿ ಕೇಳಿ' ಎಂದು ಬರೆದು ಇಮೇಲ್ ವಿಳಾಸ ಕೊಟ್ಟೆ. ಓದಿದವರಿಗೆ ಮುಂದೇನು ಮಾಡಬೇಕೆಂದು ಅದರಿಂದ ತಿಳಿಯುತ್ತದೆ.

ಹೆಸರು ಹಾಕುವುದಕ್ಕಿಂತ ಯಾರ ಹೆಸರು ಹಾಕಬೇಕು ಅನ್ನುವುದೇ ದೊಡ್ಡ ಕೆಲಸವಾಯಿತು. ಬಿಡಿಸಿದವರು ಬೇರೆ, ಹಕ್ಕು ಇಟ್ಟುಕೊಂಡವರು ಬೇರೆ, ಚಿತ್ರದ ಪಕ್ಕ ಅಚ್ಚಾಗಬೇಕಾದ ಹೆಸರು ಮತ್ತೂ ಬೇರೆ ಇರಬಹುದು. ನಾನಾಗಿ ಬಿಡಿಸಿದ ಚಿತ್ರಗಳಲ್ಲಿ ಮೂರೂ ನಾನೇ, ಅಲ್ಲಿ ಯಾವ ಗೋಜಲೂ ಇಲ್ಲ. ಬೇರೆಯವರಿಗೆ ಮಾಡಿಕೊಟ್ಟ ಕೆಲಸಗಳಿಗೆ ಬಂದಾಗ ಹಳೆಯ ಒಪ್ಪಂದ ಪತ್ರಗಳು, ಬಿಲ್ಲುಗಳು, ಇಮೇಲ್‌ಗಳನ್ನೆಲ್ಲ ಹೊರಗೆ ತೆಗೆಯಬೇಕಾಯಿತು. ಕೆಲವು ಪತ್ರಗಳಲ್ಲಿ ಹಕ್ಕು ಪೂರ್ತಿ ಅವರಿಗೆ ಎಂದು ನೇರವಾಗಿ ಬರೆದಿತ್ತು. ಅಂಥ ಚಿತ್ರಕ್ಕೆ © ಮುಂದೆ ಅವರ ಹೆಸರೇ ಬರಬೇಕು, 'ಚಿತ್ರ:' ಎಂದು ಬರೆದು ನನ್ನ ಹೆಸರು. ಕೆಲವದರಲ್ಲಿ ಒಂದು ಆವೃತ್ತಿಗೆ ಬಳಸುವ ಅನುಮತಿ ಮಾತ್ರ ಇತ್ತು, ಹಕ್ಕು ನನ್ನಲ್ಲೇ ಉಳಿದಿತ್ತು. ಇನ್ನು ಕೆಲವು ಬರೀ ಬಾಯಿಮಾತಿನಲ್ಲಿ ಆದ ಕೆಲಸಗಳು.

ಬಾಯಿಮಾತಿನ ಕೆಲಸ ಕೊಟ್ಟವರಿಗೆಲ್ಲ ಪತ್ರ ಬರೆದೆ. ಒಂದು ಪತ್ರಿಕೆಯವರು ಅವತ್ತೇ ಉತ್ತರಿಸಿ, 'ಹಕ್ಕು ನಿಮ್ಮದೇ, ಮೊದಲು ಎಲ್ಲಿ ಬಂತು ಅಂತ ಒಂದು ಸಾಲು ಹಾಕಿ' ಎಂದರು. ಮತ್ತೊಂದು ಕಡೆಯಿಂದ ಒಪ್ಪಂದದ ಪ್ರತಿ ಕಳಿಸಿ ಎಂದು ಮರುಪ್ರಶ್ನೆ ಬಂತು. ಪ್ರತಿ ಇಲ್ಲವೆಂದು ಬರೆದೆ, ಅಲ್ಲಿಂದ ಮುಂದೆ ಮೌನ. ವಾರ, ಎರಡು ವಾರ, ತಿಂಗಳು. ಪ್ರತಿ ಬೆಳಿಗ್ಗೆ ಇಮೇಲ್ ತೆರೆಯುವಾಗ ಎದೆ ಹೊಡೆದುಕೊಳ್ಳುತ್ತಿತ್ತು, ಯಾಕೆಂದರೆ ಆ ಚಿತ್ರಗಳ ಮೇಲೆ ನನಗೆ ವಿಪರೀತ ಅಕ್ಕರೆ. ಕಾಯುವಾಗ ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ಉತ್ತರ ಬಾರದ ಚಿತ್ರಗಳನ್ನು ಬೇರೆ ಫೋಲ್ಡರಿಗೆ ಹಾಕಿ. ಅವುಗಳಲ್ಲಿ 'ಚಿತ್ರ:' ಸಾಲನ್ನು ಮಾತ್ರ ಬರೆಯಿರಿ, © ಸಾಲನ್ನು ಖಾಲಿ ಬಿಡಿ. ಬಿಡಿಸಿದವರು ನೀವು ಅನ್ನುವುದು ಯಾವ ಉತ್ತರಕ್ಕೂ ಕಾಯುವ ವಿಷಯವಲ್ಲ.

ನಾನು ರೇಖೆ ಎಳೆದು ಬೇರೆಯವರು ಬಣ್ಣ ತುಂಬಿದ ಒಂದು ಸರಣಿಯೂ ಇತ್ತು. ಫೋನ್ ಮಾಡಿದಾಗ ಅವರು, 'ಅಯ್ಯೋ ಬಿಡಿ, ನನ್ನ ಹೆಸರು ಯಾಕೆ' ಎಂದರು. ಬೇಕು ಎಂದು ನಾನೇ ಹಟ ಹಿಡಿದೆ. ಆ ಚಿತ್ರಗಳಲ್ಲಿರುವ ಸಂಜೆಯ ಬೆಳಕು ಪೂರ್ತಿ ಅವರದು. 'ರೇಖೆ', 'ಬಣ್ಣ' ಎಂದು ಬೇರೆಬೇರೆಯಾಗಿ ಬರೆದು ಇಬ್ಬರ ಹೆಸರೂ ಹಾಕಿ ಕಳಿಸಿಕೊಟ್ಟ ಮೇಲೆ ಅವರೇ ತಿರುಗಿ ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು. ಜೊತೆಗೆ ಕೆಲಸ ಮಾಡಿದವರು ಸಂಕೋಚದಿಂದ ಬೇಡ ಅಂದರೂ ಇನ್ನೊಮ್ಮೆ ಕೇಳಿ ನೋಡಿ.

ನಂತರ ನನ್ನ ಚಿತ್ರಗಳ ಒಳಗೆ ಸೇರಿರುವ ಬೇರೆಯವರ ಸಾಮಗ್ರಿಯ ಲೆಕ್ಕ. ಲೇಯರ್‌ಗಳನ್ನು, ಅಂದರೆ ಚಿತ್ರದ ಪದರಗಳನ್ನು, ಒಂದೊಂದೇ ತೆರೆದು ನೋಡುತ್ತ ಹೋದೆ: ಹಳೆ ಗೋಡೆಯ ಟೆಕ್ಸ್ಚರ್ (ಮೇಲ್ಮೈಯ ತರಿತರಿ ತೋರಿಸುವ ಚಿತ್ರ), ಮೋಡದ ಫೋಟೋ, ಕಾಗದದ ಹಿನ್ನೆಲೆ. ಕೆಲವು ಷರತ್ತುಗಳೊಡನೆ ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರ ಕೊನೆಗೆ ಮೊದಲ ಸಲ ಹೊರಬಂದವು, ಈಗ ಹೆಚ್ಚಾಗಿ ಕಾಣುವ 4.0 ಆವೃತ್ತಿ 2013ರದ್ದು. ಅದರಲ್ಲಿ ಹೆಸರು ಹೇಳಬೇಕು ಎಂಬ ಷರತ್ತಿನ ಸಾಮಗ್ರಿಗೆ ಮಾಡಿದವರ ಹೆಸರು, ಮೂಲದ ಕೊಂಡಿ, ಪರವಾನಗಿಯ ಹೆಸರು ಮತ್ತು ಕೊಂಡಿ, ನಾವು ಏನಾದರೂ ಬದಲಿಸಿದ್ದರೆ ಆ ಮಾತು, ಇಷ್ಟೂ ಬೇಕು. ಮೂಲದಲ್ಲಿ ಶೀರ್ಷಿಕೆ ಇದ್ದರೆ ನಾನು ಅದನ್ನೂ ಸೇರಿಸುತ್ತೇನೆ. 'ಕೃಪೆ: ಅಂತರ್ಜಾಲ' ಎಂದು ಬರೆದರೆ ಕ್ರೆಡಿಟ್ ಕೊಟ್ಟಂತೆ ಆಗುವುದೇ ಇಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ.

ನಾನು ಎದುರುನೋಡಿರದ ತೊಡಕು ಅಲ್ಲೇ ಕಾದಿತ್ತು. ಒಂದು ಟೆಕ್ಸ್ಚರ್ 'ಅದೇ ಪರವಾನಗಿಯಲ್ಲಿ ಹಂಚಬೇಕು' ಎಂಬ ಷರತ್ತಿನದು. ಅದನ್ನು ಬೆರೆಸಿ ಹೊಸ ಚಿತ್ರ ಮಾಡಿ ಹಂಚಿದರೆ ನಮ್ಮ ಚಿತ್ರವೂ ಅದೇ ಪರವಾನಗಿಗೆ ಬರಬೇಕು, ಅನುಮತಿ ಕೇಳಿ ಎಂದು ಅದರ ಕೆಳಗೆ ಬರೆಯುವಂತಿಲ್ಲ. ಇನ್ನೂ ಎಲ್ಲೂ ಹೊರಬಿಡದ ಆ ಚಿತ್ರದ ಮುಂದೆ ಎರಡು ದಾರಿ ಇದ್ದವು: ಆ ಪರವಾನಗಿಯಲ್ಲೇ ಬಿಡುವುದು, ಇಲ್ಲವೇ ಗೋಡೆಯನ್ನು ನಾನೇ ಹೊಸದಾಗಿ ಬರೆಯುವುದು. ಗೋಡೆ ಬರೆದೆ. ಮೊದಲಿನದಕ್ಕಿಂತ ಚೆನ್ನಾಗಿಯೇ ಬಂತು. ಫಾಂಟ್ ವಿಷಯಕ್ಕೆ ಅಷ್ಟು ಯೋಚನೆ ಬೇಡ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್‌ಗಳಲ್ಲಿ ಬರೆದ ಅಕ್ಷರಗಳಿಗೆ ಚಿತ್ರದಲ್ಲಿ ಕ್ರೆಡಿಟ್ ಕೊಡಲೇಬೇಕು ಎಂಬ ಷರತ್ತಿಲ್ಲ.

ವರ್ಷ ಹುಡುಕುವುದೂ ಸುಲಭವಿರಲಿಲ್ಲ. © ಪಕ್ಕದ್ದು ಮೊದಲು ಪ್ರಕಟವಾದ ವರ್ಷ. ವಿಂಡೋಸ್‌ನಲ್ಲಿ ಫೈಲುಗಳನ್ನು ಹೊಸ ಡಿಸ್ಕಿಗೆ ನಕಲಿಸಿದರೆ 'ರಚಿಸಿದ ದಿನಾಂಕ' ನಕಲಿಸಿದ ದಿನದ್ದೇ ಆಗಿಬಿಡುತ್ತದೆ, ಹಾಗಾಗಿ ಫೋಲ್ಡರಿನಲ್ಲಿ ಕಾಣುವ ದಿನಾಂಕವನ್ನು ನೆಚ್ಚಬೇಡಿ. ಚಿತ್ರವನ್ನು ಮೊದಲು ಕಳಿಸಿದ ಇಮೇಲ್, ಮೊದಲು ಹಾಕಿದ ಪೋಸ್ಟ್, ಅಚ್ಚಾದ ಸಂಚಿಕೆ, ಇವೇ ನನ್ನ ಸಾಕ್ಷಿಗಳಾದವು. ಆಮೇಲೆ ಗಣನೀಯವಾಗಿ ತಿದ್ದಿ ಮತ್ತೆ ಪ್ರಕಟಿಸಿದ ಚಿತ್ರಗಳಿಗೆ ಎರಡೂ ವರ್ಷ ಹಾಕಿದೆ.

ಇಷ್ಟೆಲ್ಲ ಒಂದು ಕೋಷ್ಟಕದಲ್ಲಿ ತುಂಬಿದ ಮೇಲೆಯೇ ಚಿತ್ರಕ್ಕೆ ಕೈಯಿಟ್ಟದ್ದು. ಮೊದಲು ಚಿತ್ರದ ಮೇಲೆ ಕಾಣುವ ಹೆಸರು. ಮೂಲೆಯಲ್ಲಿ ಹಾಕುವುದು ರೂಢಿ, ಆದರೆ ಚೌಕಾಕಾರಕ್ಕೆ ಕತ್ತರಿಸಿದ ಕೂಡಲೇ ಮೊದಲು ಹೋಗುವುದು ಮೂಲೆಯೇ. ಚಿತ್ರದ ನಡುವೆ ಅಡ್ಡಡ್ಡ ವಾಟರ್‌ಮಾರ್ಕ್ ಎಳೆಯಲು ನನಗೆ ಮನಸ್ಸಾಗಲಿಲ್ಲ, ನೋಡುವವರ ಕಣ್ಣಿಗೆ ಅದು ಹಿಂಸೆ. ಕೊನೆಗೆ ಚಿತ್ರದ ಮುಖ್ಯ ಆಕೃತಿಯ ಅಂಚಿಗೆ ಹೆಸರನ್ನು ಒತ್ತಿಸಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ದೋಣಿಯ ಚಿತ್ರದಲ್ಲಿ ದೋಣಿಯ ತಳದ ಗೆರೆಗೆ ಸಮವಾಗಿ, ನೀರಿಗಿಂತ ಎರಡು ಛಾಯೆ ಕಡುವಾದ ನೀಲಿಯಲ್ಲಿ ಹೆಸರು ಕೂತಿದೆ. ದೋಣಿಯನ್ನು ಕತ್ತರಿಸದೆ ಅದನ್ನು ತೆಗೆಯಲಾಗದು, ಚಿತ್ರಕ್ಕೂ ಭಾರವಿಲ್ಲ. ಗಾತ್ರ ನಿರ್ಧರಿಸುವಾಗ ದೊಡ್ಡ ತೆರೆಯ ಮೇಲೆ ನೋಡಬೇಡಿ. 1,080 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಫೋನಿನಲ್ಲಿ, ಬಿಸಿಲಿನಲ್ಲಿ ನಿಂತು ಓದಿ. ಅಲ್ಲಿ ಓದಲು ಬಂದರೆ ಸಾಕು.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇಲ್ಲಿ ಇನ್ನೊಂದು ಕಾಟವಿದೆ. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕೂಡಲೇ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಫೋಟೋಶಾಪ್‌ನಲ್ಲಿ ಪಠ್ಯದ ಆಯ್ಕೆಗಳಿಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಒದಗುವ ಎಂಜಿನ್ನಿಗೆ ಬದಲಿಸಿಕೊಂಡರೆ ಸರಿಹೋಗುತ್ತದೆ. ನಾನು ಮೆಚ್ಚಿದ ಒಂದು ಕನ್ನಡ ಫಾಂಟಿನಲ್ಲಿ © ಚಿಹ್ನೆಯೇ ಇರಲಿಲ್ಲ, ಆ ಜಾಗದಲ್ಲಿ ಖಾಲಿ ಡಬ್ಬಿ ಮೂಡುತ್ತಿತ್ತು. ಚಿಹ್ನೆಗೆ ಮಾತ್ರ ಬೇರೆ ಫಾಂಟ್ ಕೊಟ್ಟೆ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ಸಂಖ್ಯೆಗಳ ಕೀಲಿಮಣೆಯಲ್ಲಿ 0169 ಹೊಡೆದರೆ © ಬರುತ್ತದೆ. ಪಿಕ್ಸೆಲ್ ಬದಲು ಗೆರೆಗಳಿಂದಲೇ ಆದ ವೆಕ್ಟರ್ ಚಿತ್ರವಾದರೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಪಾಥ್‌ಗೆ, ಅಂದರೆ ಬರೀ ಗೆರೆಗಳಿಗೆ, ಬದಲಿಸಿ, ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಇನ್ನೇನೋ ಆಗಿ ಕಾಣುತ್ತದೆ.

ಈಗ ಫೈಲಿನ ಹೊಟ್ಟೆಯೊಳಗಿನ ಕೆಲಸ, ಅಂದರೆ ಮೆಟಾಡೇಟಾ: ಚಿತ್ರದ ಮೇಲೆ ಕಾಣದೆ ಫೈಲಿನೊಳಗೇ ಸೇರಿರುವ ಹೆಸರು, ಹಕ್ಕು ಮುಂತಾದ ವಿವರ. ನನ್ನನ್ನು ಅತಿ ಹೆಚ್ಚು ದಣಿಸಿದ್ದು ಇದೇ. ಚಿತ್ರದ ಫೈಲಿನಲ್ಲಿ ಒಂದೇ ಮಾಹಿತಿ ಬರೆಯಲು ಮೂರು ಜಾಗಗಳಿವೆ: ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ. ಒಂದೊಂದು ತಂತ್ರಾಂಶ ಒಂದೊಂದನ್ನು ಓದುತ್ತದೆ. ಗಿಂಪ್‌ನಲ್ಲಿ ಮೆಟಾಡೇಟಾ ತಿದ್ದುವ ಕಿಟಕಿ ಇದೆ, ಫೋಟೋಶಾಪ್‌ನಲ್ಲಿ 'ಫೈಲ್ ಇನ್ಫೋ' ಇದೆ, ಕ್ರಿತಾದಲ್ಲಿ ಲೇಖಕರ ವಿವರ ಒಮ್ಮೆ ತುಂಬಿಟ್ಟರೆ ಎಕ್ಸ್‌ಪೋರ್ಟ್ ಮಾಡುವಾಗ ಸೇರಿಸಬಹುದು. ಒಂದೆರಡು ಚಿತ್ರಗಳಿಗೆ ಇವು ಸಾಕು. ರಾಶಿ ಚಿತ್ರಗಳಿಗೆ ಎಕ್ಸಿಫ್‌ಟೂಲ್ ಬೇಕೇಬೇಕು. ಫಿಲ್ ಹಾರ್ವಿ ಮಾಡಿದ ಉಚಿತ ತಂತ್ರಾಂಶ ಅದು. ಆಜ್ಞೆ ಟೈಪ್ ಮಾಡಿ ನಡೆಸಬೇಕು. ಮೊದಲು ಅಂಜಿಕೆಯಾಗುತ್ತದೆ, ಒಂದು ಸಂಜೆ ಕೂತರೆ ಕೈಗೆ ಹತ್ತುತ್ತದೆ. ನನ್ನ ಕೋಷ್ಟಕವನ್ನೇ ಅದು ಓದಿ ಫೋಲ್ಡರಿಗೆ ಫೋಲ್ಡರನ್ನೇ ತುಂಬಿಕೊಟ್ಟಾಗ ನಿಜಕ್ಕೂ ಕಣ್ಣು ತುಂಬಿತು.

ಆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಒಂದು ತಂತ್ರಾಂಶದಲ್ಲಿ ತೆರೆದರೆ ಕನ್ನಡ ಹೆಸರು ಅರ್ಧಕ್ಕೆ ನಿಂತಿದೆ. ಇನ್ನೊಂದರಲ್ಲಿ ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಾಲು. ಕಾರಣ ಹಿಡಿಯಲು ಬಹಳ ಒದ್ದಾಡಿದೆ. ಹಳೆಯ ಐಪಿಟಿಸಿ ಮಾದರಿಯಲ್ಲಿ ಕಲಾವಿದರ ಹೆಸರಿಗೆ ಇರುವ ಜಾಗ 32 ಬೈಟ್, ಕಾಪಿರೈಟ್ ಸಾಲಿಗೆ 128 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಎಲ್ಲ ಭಾಷೆಗಳ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಸ್ವರಚಿಹ್ನೆಗೆ ಬೇರೆ ಸಂಕೇತ, ಒತ್ತು ಮೂಡಿಸುವ ಹಲಂತಕ್ಕೆ ಬೇರೆ. 'ಲಕ್ಷ್ಮೀ' ಎಂದು ಬರೆದರೆ ಕಣ್ಣಿಗೆ ಎರಡೇ ಅಕ್ಷರ. ಒಳಗೆ ಏಳು ಸಂಕೇತ, 21 ಬೈಟ್. ಅದರ ಮುಂದೆ ಇನ್ನೊಂದು ಹೆಸರು ಸೇರಿಸಲು ಹೋದರೆ ಜಾಗ ಮುಗಿಯಿತು. ಎಕ್ಸಿಫ್ ಕಥೆಯೂ ಹೀಗೆಯೇ. ಅಲ್ಲಿ ಕಲಾವಿದ, ಕಾಪಿರೈಟ್ ಎಂಬ ಎರಡೂ ಜಾಗಗಳು ಮೂಲದಲ್ಲಿ ಇಂಗ್ಲಿಷಿನ ಮೂಲಾಕ್ಷರಗಳಿಗೆ ಮಾತ್ರ ಮೀಸಲು. ಯುಟಿಎಫ್-8ಕ್ಕೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 2023ರ 3.0 ಆವೃತ್ತಿಯಲ್ಲಿ. ಹಳೆಯ ತಂತ್ರಾಂಶಗಳು ಅದನ್ನು ಅರಿಯವು.

ಎಕ್ಸ್‌ಎಂಪಿಯಲ್ಲಿ ಈ ತೊಡಕಿಲ್ಲ. ಅದು ಯೂನಿಕೋಡ್, ಉದ್ದದ ಮಿತಿಯೂ ಇಲ್ಲ. ಹಕ್ಕಿನ ಸಾಲನ್ನು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ, ಯಾವುದು ಯಾವ ಭಾಷೆ ಎಂದು ಗುರುತಿಟ್ಟು ಬರೆಯಬಹುದು. ಹಾಗಾಗಿ ನನ್ನ ತೀರ್ಮಾನ ಹೀಗಾಯಿತು: ಎಕ್ಸ್‌ಎಂಪಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ, ಎಕ್ಸಿಫ್ ಮತ್ತು ಹಳೆಯ ಐಪಿಟಿಸಿಯಲ್ಲಿ ಇಂಗ್ಲಿಷ್ ಅಕ್ಷರಗಳ ಹೆಸರು. ಹೆಸರಿನ ಕಾಗುಣಿತ ಎಲ್ಲ ಕಡೆಯೂ ಒಂದೇ ಇರಲಿ. ಹಕ್ಕಿನ ವಿವರವಿರುವ ಜಾಲಪುಟದ ಕೊಂಡಿ ಹಾಕಲು ಎಕ್ಸ್‌ಎಂಪಿಯಲ್ಲಿ ಪ್ರತ್ಯೇಕ ಜಾಗವಿದೆ, ಅದನ್ನು ಖಾಲಿ ಬಿಡಬೇಡಿ. ಜಾಲತಾಣಗಳಲ್ಲಿರುವ ಚಿತ್ರಗಳಿಂದ ಗೂಗಲ್ ಇಮೇಜಸ್ ಇದನ್ನು ಓದುತ್ತದೆ. ಪರವಾನಗಿ ವಿವರ ಇರುವ ಚಿತ್ರಕ್ಕೆ ಅದು 2020ರಿಂದ ಗುರುತು ತೋರಿಸುತ್ತಿದೆ.

ಪಿಎನ್‌ಜಿ ಫೈಲುಗಳಿಗೆ ಒಂದು ಎಚ್ಚರಿಕೆ. ಅದರ ಹಳೆಯ ಪಠ್ಯ ಭಾಗ ಲ್ಯಾಟಿನ್ ಅಕ್ಷರಗಳಿಗೆ ಮಾತ್ರ ಆಗುತ್ತದೆ, © ಹಿಡಿಸುತ್ತದೆ, ಕನ್ನಡ ಹಿಡಿಸುವುದಿಲ್ಲ. ಅಲ್ಲೂ ಎಕ್ಸ್‌ಎಂಪಿಯೇ ಗತಿ. ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಎನ್‌ಕೋಡಿಂಗಿನಲ್ಲಿ ಹೆಸರು ಟೈಪ್ ಮಾಡಿಟ್ಟುಕೊಂಡಿದ್ದರೆ ಅದನ್ನು ನೇರ ಅಂಟಿಸಬೇಡಿ, ಯೂನಿಕೋಡ್‌ಗೆ ಬದಲಿಸಿಕೊಂಡೇ ಹಾಕಿ. ಏನೇ ಮಾಡುವುದಿದ್ದರೂ ನಕಲು ಪ್ರತಿಗಳ ಮೇಲೆ ಮೊದಲು ಮಾಡಿ. ಎಕ್ಸಿಫ್‌ಟೂಲ್ ತಾನಾಗಿ ಹಳೆಯ ಫೈಲನ್ನೂ ಉಳಿಸಿಡುತ್ತದೆ, ಡಿಸ್ಕಿನಲ್ಲಿ ಜಾಗ ದುಪ್ಪಟ್ಟು ಬೇಕಾಗುತ್ತದೆ.

ಫೋನಿನಲ್ಲಿ ಫೋಟೋ ತೆಗೆದ ಕಾಗದದ ಕರಡುಗಳಿಂದ ಬೆಳೆದ ಚಿತ್ರಗಳನ್ನು ವಿಶೇಷವಾಗಿ ನೋಡಿ. ಕೆಲವದರಲ್ಲಿ ಫೋಟೋ ತೆಗೆದ ಸ್ಥಳದ ಜಿಪಿಎಸ್ ಗುರುತು ಹಾಗೇ ಉಳಿದಿತ್ತು, ಅಂದರೆ ಮನೆಯ ವಿಳಾಸವೇ. ಅದನ್ನು ಅಳಿಸಿದೆ. ಸಂಪರ್ಕಕ್ಕೆ ಫೋನ್ ನಂಬರ್, ಮನೆ ವಿಳಾಸ ಹಾಕದೆ, ಇದಕ್ಕೆಂದೇ ಮಾಡಿಕೊಂಡ ಇಮೇಲ್ ಒಂದನ್ನು ಕೊಟ್ಟೆ. ಹಾಗೆಯೇ, ಹೆಸರು ಮುಚ್ಚಿಟ್ಟು ತೀರ್ಪು ಕೊಡುವ ಸ್ಪರ್ಧೆಗಳಿಗೆ ಕಳಿಸುವ ಪ್ರತಿಯಲ್ಲಿ ಮೆಟಾಡೇಟಾ ಇರಬಾರದು. ಅದಕ್ಕೆ ಬೇರೆ ಪ್ರತಿ ಮಾಡಿಟ್ಟುಕೊಳ್ಳಿ.

ಎಲ್ಲ ಮುಗಿಯಿತು ಅಂದುಕೊಂಡು ಚಿತ್ರಗಳನ್ನು ಮತ್ತೆ ಹೊರಗೆ ಬಿಟ್ಟೆ. ಪರೀಕ್ಷೆಗೆಂದು ಒಂದೊಂದು ಕಡೆ ಹಾಕಿ ಅಲ್ಲಿಂದಲೇ ಇಳಿಸಿಕೊಂಡು ನೋಡಿದರೆ, ಕೆಲವು ಕಡೆ ಮೆಟಾಡೇಟಾ ಪೂರ್ತಿ ಮಾಯ. ಚಿತ್ರವನ್ನು ಕುಗ್ಗಿಸುವಾಗ ಅವರ ವ್ಯವಸ್ಥೆ ಎಲ್ಲವನ್ನೂ ಕಿತ್ತು ಹಾಕುತ್ತದೆ. ಅಷ್ಟು ದಿನದ ಶ್ರಮವೆಲ್ಲ ಒಂದು ಕ್ಲಿಕ್ಕಿಗೆ ಹೋದದ್ದನ್ನು ನೋಡಿ ಅಂದು ಕಂಪ್ಯೂಟರ್ ಮುಚ್ಚಿಟ್ಟು ಎದ್ದುಬಿಟ್ಟೆ. ಮರುದಿನ ಸಮಾಧಾನವಾಗಿ ಕೂತು ಒಂದೊಂದು ಜಾಗಕ್ಕೂ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಬರೆದುಕೊಂಡೆ. ಮೆಟಾಡೇಟಾ ಹೋಗುವ ಕಡೆ ಚಿತ್ರದ ಮೇಲಿನ ಹೆಸರು ಮತ್ತು ಚಿತ್ರದ ಜೊತೆ ಬರೆಯುವ ಸಾಲು ಕಾಯಬೇಕು. ಮೇಲಿನ ಹೆಸರನ್ನು ಕತ್ತರಿಸಿದವರ ಕೈಯಲ್ಲಿ ಮೂಲ ಫೈಲೇ ಇದ್ದರೆ ಒಳಗಿನ ಹೆಸರು ಕಾಯುತ್ತದೆ. ಬೇಕೆಂದೇ ಈ ಹಕ್ಕಿನ ಮಾಹಿತಿ ಅಳಿಸಿ ಉಲ್ಲಂಘನೆಗೆ ದಾರಿ ಮಾಡುವುದರ ವಿರುದ್ಧ ಕಾನೂನು ಮಾಡಬೇಕೆಂದು 1996ರ ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಕೃತಿಸ್ವಾಮ್ಯ ಒಪ್ಪಂದವೇ ಸದಸ್ಯ ದೇಶಗಳಿಗೆ ಹೇಳಿದೆ. ನಾವು ಹಾಕಿಯೇ ಇರದಿದ್ದರೆ ಅದರ ಆಸರೆಯೂ ನಮಗೆ ಸಿಗುವುದಿಲ್ಲ.

ಚಿತ್ರದ ಜೊತೆ ಬರೆಯುವ ಸಾಲಿಗೆ ನಾನು ಇಟ್ಟುಕೊಂಡಿರುವ ರೂಪ: ಚಿತ್ರದ ಹೆಸರು, © ವರ್ಷ ಮತ್ತು ನನ್ನ ಹೆಸರು, ಬಣ್ಣ ಅಥವಾ ಟೆಕ್ಸ್ಚರ್ ಬೇರೆಯವರದಾದರೆ ಅವರ ವಿವರ, ಕೊನೆಗೆ 'ಬಳಸಲು ಬರೆಯಿರಿ' ಎಂದು ಇಮೇಲ್. ಇದನ್ನು ಪೋಸ್ಟಿನ ಮೊದಲ ಸಾಲಿನಲ್ಲೇ ಹಾಕಿ. ಹಂಚಿಕೊಳ್ಳುವಾಗ ಉದ್ದ ಬರಹದ ಬಾಲ ಮಡಚಿಕೊಳ್ಳುತ್ತದೆ, ಅಲ್ಲಿರುವ ಹೆಸರನ್ನು ಯಾರೂ ನೋಡುವುದಿಲ್ಲ.

ಒಪ್ಪಂದದ ಪ್ರತಿ ಕೇಳಿ ಸುಮ್ಮನಾಗಿದ್ದವರಿಂದ ಮೊನ್ನೆ ಉತ್ತರ ಬಂತು. ಅವರ ಕಡತದಲ್ಲೂ ಪತ್ರವಿಲ್ಲವಂತೆ, ಹಕ್ಕು ನನ್ನಲ್ಲೇ ಇರಲಿ ಎಂದಿದ್ದಾರೆ. ಆ ಇಮೇಲನ್ನು ಪಿಡಿಎಫ್ ಮಾಡಿ ಚಿತ್ರಗಳ ಪಕ್ಕದಲ್ಲೇ ಉಳಿಸಿ, ಖಾಲಿ ಬಿಟ್ಟಿದ್ದ © ಸಾಲನ್ನು ತುಂಬಿದೆ. ಹೊಸ ಚಿತ್ರಗಳಿಗೆ ಇಷ್ಟು ಒದ್ದಾಟವಿಲ್ಲ. ಖಾಲಿ ಕ್ಯಾನ್ವಾಸಿನ ಮಾದರಿ ಫೈಲಿನಲ್ಲೇ ಹೆಸರಿನ ಲೇಯರ್, ಲೇಖಕರ ವಿವರ, ಬಳಸಿದ ಸಾಮಗ್ರಿ ಬರೆದಿಡುವ ಒಂದು ಟಿಪ್ಪಣಿ ಲೇಯರ್ ಸೇರಿಸಿಟ್ಟಿದ್ದೇನೆ. ಟೆಕ್ಸ್ಚರ್ ಇಳಿಸಿಕೊಂಡ ಕ್ಷಣದಲ್ಲೇ ಅದರ ಮೂಲ ಮತ್ತು ಪರವಾನಗಿಯನ್ನು ಆ ಲೇಯರಿನಲ್ಲಿ ಬರೆದುಬಿಡುತ್ತೇನೆ, ಎಕ್ಸ್‌ಪೋರ್ಟ್ ಮಾಡುವ ಮುಂಚೆ ಅದನ್ನು ಮರೆಮಾಡುತ್ತೇನೆ.